ಎರೆ ಹೊಲ, ಮಸಾರಿ ಹೊಲ: ಮಳೆ ಕಡಿಮೆ ಇರೋ ಕಡೆ ಮಣ್ಣು ಹೇಗೆ ನೋಡ್ಕೋಬೇಕು

ನಮ್ಮದು ಗದಗ-ಕೊಪ್ಪಳ ಗಡಿ ಕಡೆ ಊರು. ಆರು ಎಕರೆ ಎರೆ ಹೊಲ (ಕಪ್ಪು ಮಣ್ಣು), ಮೂರು ಎಕರೆ ಮಸಾರಿ (ಕೆಂಪು ಮಣ್ಣು). ಬೋರೂ ಇಲ್ಲ, ಕಾಲುವೆನೂ ಇಲ್ಲ, ಬಂದ ಮಳೇಲೇ ಬೆಳೀಬೇಕು. ನಾನು ಹೊಲದ ಉಸ್ತುವಾರಿ ತಗೊಂಡ ಮೊದಲ ನಾಲ್ಕು ವರ್ಷ ಎಲ್ಲರೂ ಮಾಡಿದ್ದನ್ನೇ ಮಾಡಿದೆ: ಇಳುವರಿ ಕಡಿಮೆ ಬಂತಾ, ಮುಂದಿನ ವರ್ಷ ಇನ್ನೊಂದು ಚೀಲ ಡಿಎಪಿ ಜಾಸ್ತಿ, ಇನ್ನರ್ಧ ಚೀಲ ಯೂರಿಯಾ ಜಾಸ್ತಿ. ಖರ್ಚು ಏರ್ತು, ಜೋಳ ಏರ್ಲಿಲ್ಲ.

ಆಮೇಲೆ ಒಂದು ಹುಬ್ಬಿ ಮಳೆ ದಿನ ಅಪ್ಪ ನನ್ನ ಕರ್ಕೊಂಡು ಹೋಗಿ ಕೆಳಗಿನ ಒಡ್ಡಿನ ಹತ್ರ ನಿಲ್ಸಿದ್ರು. ಒಡ್ಡು ಒಡೆದಿದ್ದ ಜಾಗದಿಂದ ನೀರು ಚಹಾದ ಬಣ್ಣದಲ್ಲಿ ಹಳ್ಳಕ್ಕೆ ಹರೀತಾ ಇತ್ತು. "ನೀರ ಹೋದ್ರ ಬರೇ ನೀರ ಹೋಗಂಗಿಲ್ಲೋ ತಮ್ಮಾ, ಹೊಲಾನ ಹೋಗತೈತಿ, ನೀ ಹಾಕಿದ ಗೊಬ್ಬರಾನೂ ಅದರ ಕೂಡ ಹೋಗತೈತಿ" ಅಂದ್ರು. ಅವತ್ತು ತಲೆಗೆ ಹೋದ ಮಾತೇ ಈ ಇಡೀ ಬರಹದ ಮೂಲ. ಒಣ ಬೇಸಾಯದಲ್ಲಿ ಏನು ಮಾಡ್ತೀವಿ ಅನ್ನೋದಕ್ಕಿಂತ ಯಾವುದನ್ನ ಮೊದ್ಲು ಮಾಡ್ತೀವಿ ಅನ್ನೋದೇ ದೊಡ್ಡದು. ಮೊದ್ಲು ನೀರು ಹೊಲದಲ್ಲಿ ನಿಲ್ಲಬೇಕು, ಆಮೇಲೆ ಮಣ್ಣಲ್ಲಿ ಏನು ಕೊರತೆ ಇದೆ ಅಂತ ಗೊತ್ತಾಗಬೇಕು, ಆಮೇಲೆ ಗೊಬ್ಬರ. ನಾವೆಲ್ಲ ಇದನ್ನ ತಲೆಕೆಳಗೆ ಮಾಡ್ತಿದ್ದೀವಿ.

ಇದು ನಮ್ಮ ಅಪ್ಪನ ಮಾತಷ್ಟೇ ಅಲ್ಲ. ಹೈದರಾಬಾದ್ ಹತ್ರ ಪಟಾನ್‌ಚೆರುವಲ್ಲಿ ಇಕ್ರಿಸ್ಯಾಟ್ ಅಂತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ, 1972ರಲ್ಲಿ ಶುರುವಾಗಿದ್ದು, ನಮ್ಮಂಥ ಅರೆಶುಷ್ಕ ಸೀಮೆಗೇ ಅಂತ ಮಾಡಿದ್ದು. ಅಲ್ಲಿ ಎರೆ ಭೂಮಿಲಿ 1976ರಿಂದ ದಶಕಗಟ್ಟಲೆ ಒಂದು ಪ್ರಯೋಗ ನಡೆಸಿದ್ದಾರೆ. ಒಂದು ಕಡೆ ಹಳೇ ಪದ್ಧತಿ, ಮುಂಗಾರಲ್ಲಿ ಬೀಳು ಬಿಟ್ಟು ಹಿಂಗಾರಿಗೆ ಮಾತ್ರ ಬಿತ್ತೋದು. ಇನ್ನೊಂದು ಕಡೆ ಅಗಲ ಮಡಿ ಮಾಡಿ, ನೀರು ನಿಲ್ಸಿ, ಹೆಚ್ಚಾದ ನೀರು ನಿಧಾನವಾಗಿ ಹೊರಗೆ ಬಿಟ್ಟು, ತೊಗರಿಯಂಥ ದ್ವಿದಳ ಸೇರ್ಸಿ, ಮಣ್ಣಿಗೆ ಬೇಕಾದ ಗೊಬ್ಬರ ಕೊಟ್ಟು ಬೆಳೆಯೋದು. ಹಳೇ ಪದ್ಧತಿಲಿ ಹೆಕ್ಟೇರಿಗೆ ವರ್ಷಕ್ಕೆ 1 ಟನ್ ಆಸುಪಾಸು ಕಾಳು, ಸುಧಾರಿತ ಪದ್ಧತಿಲಿ 5 ಟನ್ ಹತ್ರ. ಅದೇ ಮಣ್ಣು, ಅದೇ ಮಳೆ. ಅಲ್ಲಿ ಮಳೆ ನಮಗಿಂತ ಜಾಸ್ತಿ, ಹಾಗಾಗಿ ನಮ್ಮಲ್ಲೂ ಐದು ಪಟ್ಟು ಬರುತ್ತೆ ಅಂತ ನಾನು ಹೇಳ್ತಿಲ್ಲ. ಆದ್ರೆ ದಾರಿ ಅದೇ.

ಮೊದಲ ಹೆಜ್ಜೆ: ನಿಮ್ಮ ಮಣ್ಣು ಯಾವುದು ಅಂತ ಕೈಯಾರೆ ನೋಡಿ

ಎರೆ, ಮಸಾರಿ ಅಂತ ಎಲ್ಲರಿಗೂ ಗೊತ್ತು, ಆದ್ರೂ ಒಂದೇ ಹೊಲದಲ್ಲಿ ಮೇಲಿನ ತುದಿಗೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಕೆಳಗಿನ ತುದಿಗೆ ಆಳ ಎರೆ ಇರೋದು ಸಾಮಾನ್ಯ. ಮೂರ್ನಾಲ್ಕು ಕಡೆ ಸೊಂಟದುದ್ದ ಗುಂಡಿ ತೋಡಿ ನೋಡಿ. ಒಂದು ಅಡಿಗೇ ಗರಸು ಸಿಕ್ರೆ ಅಲ್ಲಿ ಹಿಂಗಾರಿ ಜೋಳ ಕೊನೇವರೆಗೂ ಹಸಿ ಹಿಡಿಯಲ್ಲ, ಮುಂಗಾರಿ ಹೆಸರೋ ಸಜ್ಜೆನೋ ಹಾಕೋದು ಒಳ್ಳೇದು. ಮೂರು ಅಡಿ ದಾಟಿದ್ರೂ ಎರೆನೇ ಇದ್ರೆ ಅದು ನಿಮ್ಮ ಬ್ಯಾಂಕು, ಅಲ್ಲಿ ತುಂಬಿದ ಹಸಿ ಮೇಲೆನೇ ಬಿಳಿಜೋಳ, ಕಡಲೆ, ಕುಸುಬಿ ಮಳೆ ಇಲ್ದೇನೂ ರಾಶಿವರೆಗೆ ಬರ್ತವೆ.

ಇನ್ನೊಂದು ಪರೀಕ್ಷೆ, ಹಚ್ಚಿಡೋಕೆ ಐದು ನಿಮಿಷ ಸಾಕು. ಗಾಜಿನ ಲೋಟದಲ್ಲಿ ಮಳೆ ನೀರು ತಗೊಳ್ಳಿ, ಬೋರ್ ನೀರು ಬೇಡ, ಅದ್ರಲ್ಲಿ ಉಪ್ಪು ಇರುತ್ತೆ. ಗೋಲಿ ಗಾತ್ರದ ಒಣ ಹೆಂಟೆ ಒಂದನ್ನ ಮೆಲ್ಲಗೆ ಬಿಡಿ, ಅಲುಗಾಡಿಸ್ಬೇಡಿ. ಹೆಂಟೆ ಗಟ್ಟಿಯಾಗೇ ಉಳಿದ್ರೆ ಮಣ್ಣಲ್ಲಿ ಸಾವಯವ ಅಂಶ ಪರವಾಗಿಲ್ಲ. ಪುಡಿಪುಡಿಯಾಗಿ ಬಿದ್ದು ನೀರು ತಿಳಿಯಾಗೇ ಇದ್ರೆ ಸಾವಯವ ಕಡಿಮೆ. ಕೆಲವು ಗಂಟೆ ಬಿಟ್ಟು ನೋಡಿದಾಗ ಹೆಂಟೆ ಸುತ್ತ ಹಾಲು ಕಲಸಿದ ಹಾಗೆ ಮೋಡ ಕಟ್ಟಿದ್ರೆ ಅದು ಸೋಡಿಯಂ ಜಾಸ್ತಿ ಇರೋ ಕ್ಷಾರದ ಮಣ್ಣು, ಅದಕ್ಕೆ ಬೇರೆನೇ ಚಿಕಿತ್ಸೆ, ಕೆಳಗೆ ಬರೆದಿದ್ದೀನಿ. ನಮ್ಮ ಹೊಲದ ಕೆಳಗಿನ ಮೂಲೆಯ ಹೆಂಟೆ ಹಾಕಿದಾಗ ಲೋಟ ಪೂರ್ತಿ ಬೂದು ಬಣ್ಣಕ್ಕೆ ತಿರುಗ್ತು, ಅದೇ ಮೂಲೇಲಿ ಪ್ರತಿ ವರ್ಷ ಕಡಲೆ ನಾಟ್ತಾ ಇರ್ಲಿಲ್ಲ, ನಾವು ಬೀಜ ಕೆಟ್ಟದ್ದು ಅಂತ ಅಂಗಡಿಯವರ ಜತೆ ಜಗಳ ಆಡ್ತಿದ್ವಿ.

ಎರಡನೇದು, ಎಲ್ಲಕ್ಕಿಂತ ದೊಡ್ಡದು: ನೀರು ನಿಲ್ಸೋದು

ಒಂದು ಲೆಕ್ಕ ತಲೇಲಿ ಇಟ್ಕೊಳ್ಳಿ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಅಂದ್ರೆ ಸುಮಾರು 4,000 ಲೀಟರ್ ನೀರು. 25 ಮಿಲಿಮೀಟರಿನ ಒಂದು ಒಳ್ಳೇ ಮಳೆ ಅಂದ್ರೆ ಎಕರೆಗೆ 1 ಲಕ್ಷ ಲೀಟರ್, 5,000 ಲೀಟರಿನ 20 ಟ್ಯಾಂಕರ್. ಅದ್ರಲ್ಲಿ ಕಾಲು ಭಾಗ ಹರಿದು ಹೋದ್ರೂ ಐದು ಟ್ಯಾಂಕರ್ ಹಳ್ಳ ಸೇರ್ತು. ಇನ್ನು ಮಣ್ಣು: ಕಣ್ಣಿಗೆ ಕಾಣದ 1 ಮಿಲಿಮೀಟರ್ ದಪ್ಪ ಮಣ್ಣು ಕೊಚ್ಚಿ ಹೋದ್ರೆ ಎಕರೆಗೆ 5 ಟನ್ನಿಗಿಂತ ಜಾಸ್ತಿ ಹೋದ ಹಾಗೆ. ಹೋಗೋದು ಮೇಲಿನ ಪದರ, ಸಾವಯವ ಇರೋದೂ ಅಲ್ಲೇ, ಹಾಕಿದ ರಂಜಕ ಇರೋದೂ ಅಲ್ಲೇ.

ಇಳಿಜಾರು ಮೊದ್ಲು ಅಳೀರಿ. ಗೌಂಡಿಗಳು ಲೆವೆಲ್ ನೋಡೋ ಪಾರದರ್ಶಕ ಪೈಪ್ ಇದ್ಯಲ್ಲ, ಅದೇ ಸಾಕು, 25 ಮೀಟರ್ ಉದ್ದದ್ದು ತಗೊಂಡು ನೀರು ತುಂಬಿ, ಗುಳ್ಳೆ ಉಳೀಬಾರ್ದು. ಒಬ್ಬರು ಮೇಲೆ ಒಬ್ಬರು 20 ಮೀಟರ್ ಕೆಳಗೆ, ಇಬ್ಬರೂ ಸ್ಕೇಲ್ ಬರೆದ ಕೋಲಿಗೆ ಪೈಪ್ ಹಿಡ್ಕೊಂಡು ನೀರಿನ ಮಟ್ಟ ಓದಿ. ಎರಡು ಕೋಲಿನ ವ್ಯತ್ಯಾಸ 20 ಸೆಂಟಿಮೀಟರ್ ಬಂದ್ರೆ ಇಳಿಜಾರು ಶೇಕಡಾ 1. ಎರೆ ಹೊಲ ನೋಡೋಕೆ ಮಟ್ಟಸ ಅನ್ಸುತ್ತೆ, ಅಳೆದ್ರೆ ಒಂದೂವರೆ-ಎರಡು ಇರುತ್ತೆ. ಇದೇ ಪೈಪಲ್ಲಿ ಒಂದೇ ಮಟ್ಟದ ಜಾಗಗಳನ್ನ ಗುರುತು ಮಾಡ್ಕೊಂಡು ಹೋದ್ರೆ ನಿಮ್ಮ ಸಮಪಾತಳಿ ರೇಖೆ ಸಿಗುತ್ತೆ, ಬಿತ್ತನೆ, ಹರಗೋದು (ಕುಂಟೆ ಹೊಡೆಯೋದು), ಎಡೆ ಹೊಡೆಯೋದು (ಬೆಳೆ ಸಾಲಿನ ನಡುವೆ ಕುಂಟೆ ಹೊಡೆಯೋದು) ಎಲ್ಲ ಆ ಗೆರೆಗೆ ಹೊಂದ್ಕೊಂಡೇ ಆಗಬೇಕು. ಇಳಿಜಾರಿಗೆ ಅಡ್ಡ ಬಿತ್ತೋದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದ್ರೂ ಟ್ರ್ಯಾಕ್ಟರ್‌ನವರು ತಿರುವು ಕಮ್ಮಿ ಆಗ್ಲಿ ಅಂತ ಉದ್ದುದ್ದ ಹೊಡೀತಾರೆ, ಮುಂದೆ ನಿಂತು ಹೇಳಿ ಹೊಡೆಸ್ಬೇಕು.

ಹಿಂಗಾರಿ ಎರೆ ಹೊಲಕ್ಕೆ ಚೌಕು ಮಡಿ. ವಿಜಯಪುರ, ಹಗರಿ, ರಾಯಚೂರು, ಸೊಲ್ಲಾಪುರ ಕಡೆ 1930ರ ದಶಕದಿಂದಲೇ ಒಣ ಬೇಸಾಯದ ಸಂಶೋಧನೆ ನಡೀತಾ ಬಂದಿದೆ, ಈ ಸೀಮೆಗೆ ಹಸಿ ಹಿಡಿಯೋದೇ ಮುಖ್ಯ ಅಂತ ಆಗಿನಿಂದ್ಲೂ ಹೇಳ್ತಾನೇ ಬಂದಿದ್ದಾರೆ. ಮಾಡೋದು ಹೀಗೆ: ಜೂನ್-ಜುಲೈಲಿ ಒಂದೆರಡು ಸಲ ಹರಗಿ ಕಸ ತೆಗೀರಿ. ಜುಲೈ ಕೊನೆ ಇಲ್ಲ ಆಗಸ್ಟ್ ಮೊದ್ಲು, ಹೊಲ ಹದ ಇದ್ದಾಗ, ಬಂಡ್ ಫಾರ್ಮರ್ (ಸಣ್ಣ ಒಡ್ಡು ಕಟ್ಟೋ ಸಾಧನ) ಹೂಡಿ ಒಂದು ಸಲ ಉದ್ದ ಒಂದು ಸಲ ಅಡ್ಡ ಹೊಡೀರಿ, ಗೇಣೆತ್ತರದ ಸಣ್ಣ ಒಡ್ಡುಗಳ ಚೌಕಗಳು ಆಗ್ತವೆ. ಇಳಿಜಾರು ಕಡಿಮೆ ಇದ್ರೆ 6 ಮೀಟರ್ ಚೌಕ, ಜಾಸ್ತಿ ಇದ್ದಷ್ಟೂ ಸಣ್ಣದು ಮಾಡ್ತಾ 3 ಮೀಟರ್ ಚೌಕದವರೆಗೆ ಬರಬಹುದು. ಅಡ್ಡ-ಉದ್ದ ಕೂಡೋ ಮೂಲೆಗಳಲ್ಲಿ ಸಾಧನ ದಾಟಿ ಹೋದಾಗ ಒಡ್ಡು ಒಡೆದಿರುತ್ತೆ, ಅದನ್ನ ಸಲಿಕೆಲಿ ಮುಚ್ಚಲೇಬೇಕು. ಇದನ್ನ ಬಿಟ್ಟವರು ನೀರು ಒಂದು ಚೌಕದಿಂದ ಇನ್ನೊಂದಕ್ಕೆ ಓಡಿ ಕೊನೇ ಸಾಲು ಒಡ್ಡು ಕಿತ್ಕೊಂಡು ಹೋಯ್ತು ಅಂತ ಪದ್ಧತಿನೇ ಬೈತಾರೆ. ನಾನೂ ಮೊದಲ ವರ್ಷ ಹಾಗೇ ಮಾಡಿ ಎರಡು ಎಕರೆ ಚೌಕು ಮಡಿ ಒಂದೇ ರಾತ್ರಿಲಿ ಕಳ್ಕೊಂಡೆ. ಬಿತ್ತೋ ಹೊತ್ತಿಗೆ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ, ಉತ್ತರಿ-ಹಸ್ತ ಮಳೆ ಹದ ನೋಡಿ ಹಗುರಾಗಿ ಹರಗಿದ್ರೆ ಒಡ್ಡು ಮಟ್ಟಸ ಆಗುತ್ತೆ, ಬಿತ್ತಬಹುದು.

ಮಸಾರಿಗೆ ಈ ಚೌಕು ಮಡಿ ಅಷ್ಟು ಹೊಂದಲ್ಲ. ಅಲ್ಲಿ ಶೇಂಗಾ, ಸಜ್ಜೆ ಬಿತ್ತಿದ ಮೇಲೆ ಪ್ರತಿ 3 ಮೀಟರಿಗೆ ಒಂದು ಆಳ ಸಾಲು ಇಳಿಜಾರಿಗೆ ಅಡ್ಡ ಹೊಡೀರಿ, ಮಳೆ ನೀರು ಅದ್ರಲ್ಲಿ ಕೂತು ಪಕ್ಕದ ಬೇರಿಗೆ ಇಳಿಯುತ್ತೆ. ತೊಗರಿ ಮಿಶ್ರ ಬೆಳೆ ಇದ್ರೆ ತೊಗರಿ ಸಾಲಿನ ಪಕ್ಕವೇ ಈ ಸಾಲು ಮಾಡಿದ್ರೆ ಅದಕ್ಕೆ ಚಳಿಗಾಲದಲ್ಲೂ ಹಸಿ ಸಿಗುತ್ತೆ. ಮಸಾರಿಯ ಇನ್ನೊಂದು ಕಾಟ, ಬಿತ್ತಿದ ಮೇಲೆ ಜೋರು ಮಳೆ ಬಂದು ಬಿಸಿಲು ಬಿದ್ರೆ ಮೇಲೆ ಹೆಪ್ಪು ಕಟ್ಟುತ್ತೆ, ಮೊಳಕೆ ಒಳಗೇ ಬಾಗಿ ಸಾಯುತ್ತೆ. ಎರಡನೇ ಮೂರನೇ ದಿನ, ಪೂರ್ತಿ ಗಟ್ಟಿ ಆಗೋಕೆ ಮುಂಚೆ, ಮುಳ್ಳಿನ ಕೊರಡು ಹಗುರಾಗಿ ಎಳೆದ್ರೆ ಹೆಪ್ಪು ಒಡೆಯುತ್ತೆ.

ಒಡ್ಡು ಇದ್ರೆ ಸಾಲದು, ಹೆಚ್ಚಾದ ನೀರಿಗೆ ದಾರಿನೂ ಬೇಕು. ಹುನಗುಂದ ಕಡೆ ಹಿರಿಯರು ಕಲ್ಲು ಜೋಡಿಸಿ ಗುಂಡಾವರ್ತಿ ಮಾಡ್ತಾರಲ್ಲ, ಅದು ಬಹಳ ಜಾಣ ಕೆಲಸ. ಮಣ್ಣು ಒಳಗೇ ಉಳಿಯುತ್ತೆ, ನೀರು ಮಾತ್ರ ಕಲ್ಲಿನ ಸಂದಿಯಿಂದ ನಿಧಾನ ದಾಟಿ ಕೆಳಗಿನ ಹೊಲಕ್ಕೆ ಇಳಿಯುತ್ತೆ, ಒಡ್ಡು ಒಡೆಯಲ್ಲ. ನಮ್ಮಲ್ಲಿ ಒಡೆದ ಜಾಗಕ್ಕೆ ಒಂದು ಟ್ರ್ಯಾಕ್ಟರ್ ಕಲ್ಲು ಹಾಕಿಸಿ ಗುಂಡಾವರ್ತಿ ಮಾಡಿಸಿದ್ವಿ, ಆಮೇಲೆ ಅಲ್ಲಿ ಒಂದು ಸಲನೂ ಒಡ್ಡು ಹೋಗಿಲ್ಲ. ಒಡ್ಡಿನ ಮೇಲೆ ಲಾವಂಚ ಇಲ್ಲ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ನೆಡಿ, ಬೇರು ಮಣ್ಣು ಹಿಡಿಯುತ್ತೆ. ಅದಾದ ಮೇಲೂ ಉಳಿಯೋ ನೀರಿಗೆ ಕೃಷಿ ಹೊಂಡ. ಕೆಳಗಿನ ಮೂಲೇಲೇ ಇರಬೇಕು, ನೀರು ಒಳಗೆ ಬರೋ ಬಾಯಿಗೆ ಸಣ್ಣ ಹೂಳು ಗುಂಡಿ ಬೇಕು. ಹೊಂಡ ಇದೆ ಅಂತ ಹೊಲದಲ್ಲಿ ನೀರು ನಿಲ್ಸೋದು ಬಿಡ್ಬೇಡಿ, ಹೊಂಡದಲ್ಲಿರೋ ನೀರಿಗೆ ಡೀಸೆಲ್ ಬೇಕು, ಮಣ್ಣಲ್ಲಿರೋ ನೀರಿಗೆ ಏನೂ ಬೇಡ.

ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತೆ, ಬಿರುಕಿನ ಒಳಗಿಂದ ಹಸಿ ಆವಿಯಾಗಿ ಹೋಗುತ್ತೆ. ಜೋಳದಲ್ಲಿ ಮೂರು ಸಲ ಎಡೆ ಹೊಡೀಬೇಕು ಅಂತ ಹಿರಿಯರು ಹೇಳೋದು ಬರೀ ಕಸಕ್ಕಲ್ಲ, ಆ ಬಿರುಕು ಮುಚ್ಚೋಕೆ. ಮೇಲಿನ ಎರಡು ಅಂಗುಲ ಪುಡಿ ಮಣ್ಣೇ ಹೊದಿಕೆ ಇದ್ದ ಹಾಗೆ. ಕೂದಲೆಳೆ ಬಿರುಕು ಕಂಡ ದಿನಾನೇ ಎಡೆಕುಂಟೆ ಹೂಡಿ, ಬೆರಳು ಹೋಗುವಷ್ಟು ಆದ ಮೇಲೆ ಹೊಡೆದ್ರೆ ಹೆಂಟೆ ಏಳುತ್ತೆ, ಬೇರೂ ಹರಿಯುತ್ತೆ. ನಮ್ಮ ಯಲಬುರ್ಗಾ, ನರೇಗಲ್ ಕಡೆ ಹಿಂದಿನವರು ಎರೆ ಹೊಲಕ್ಕೆ ಹಳ್ಳದ ಉಸುಕು ಹೊದಿಸ್ತಿದ್ರು, ಅಂಥ ಹೊಲ ಈಗ್ಲೂ ಅಲ್ಲಲ್ಲಿ ಇವೆ, ಮಳೆ ಬಿದ್ದ ಹನಿ ಅಲ್ಲೇ ಇಂಗುತ್ತೆ, ಬಿರುಕೂ ಬಿಡಲ್ಲ. ಈಗ ಉಸುಕು ಹೊಸದಾಗಿ ತರೋದು ಖರ್ಚೂ ಹೌದು, ಹಳ್ಳಕ್ಕೆ ಹಾನಿನೂ ಹೌದು, ನಾನು ಶಿಫಾರಸು ಮಾಡಲ್ಲ. ನಿಮ್ಮ ಹೊಲದಲ್ಲಿ ಹಿರಿಯರು ಹಾಕಿದ್ದು ಇದ್ರೆ ಮಾತ್ರ ಆಳ ನೇಗಿಲು ಹೊಡೆದು ಅದನ್ನ ಕೆಳಗೆ ತಳ್ಳಬೇಡಿ.

ಮೂರನೇದು: ಮಣ್ಣು ಪರೀಕ್ಷೆ, ಸ್ಯಾಂಪಲ್ ತೆಗೆಯೋ ರೀತಿಲೇ ಅರ್ಧ ಕೆಲಸ

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಬಹಳ ಮನೇಲಿ ಇದೆ, ಟ್ರಂಕಿನಲ್ಲಿ ಇದೆ. ಅದ್ರಲ್ಲಿ 12 ಅಂಶ ಇರುತ್ತೆ: ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ. ಆ ಕಾರ್ಡ್ ಸ್ಯಾಂಪಲ್ ನಿಮ್ಮ ಹೊಲದ್ದೇ ಅಂತ ಖಾತ್ರಿ ಇಲ್ದಿದ್ರೆ ಹೊಸದಾಗಿ ಮಾಡಿಸಿ. ನನಗೆ ಒಂದು ಸಲ ಬಂದ ವರದಿಲಿ ಮಸಾರಿ ಹೊಲಕ್ಕೆ ಎರೆ ಹೊಲದ ರಸಸಾರ ಬರೆದಿತ್ತು, ಅದನ್ನ ನಂಬಿ ಒಂದು ವರ್ಷ ತಪ್ಪು ಗೊಬ್ಬರ ಹಾಕಿದೆ.

ಸಮಯ ಅಂದ್ರೆ ರಾಶಿ ಮುಗಿದ ಮೇಲೆ, ಏಪ್ರಿಲ್-ಮೇ. ಗೊಬ್ಬರ ಹಾಕಿದ ಹೊಸದ್ರಲ್ಲಿ ಬೇಡ. ಎರೆ ಬೇರೆ ಮಸಾರಿ ಬೇರೆ, ಚೆನ್ನಾಗಿ ಬೆಳೆಯೋ ತುಂಡು ಬೇರೆ ಬೆಳೀದೇ ಇರೋ ತುಂಡು ಬೇರೆ. ಒಡ್ಡಿನ ಪಕ್ಕ, ಗಿಡದ ಕೆಳಗೆ, ತಿಪ್ಪೆ ಇದ್ದ ಜಾಗ, ದಾರಿ ಪಕ್ಕ ಬಿಡಿ. ಹಾವು ಹರಿದ ಹಾಗೆ ಅಂಕುಡೊಂಕಾಗಿ ನಡೀತಾ 10ರಿಂದ 15 ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷ್ ವಿ ಅಕ್ಷರದ ಆಕಾರಕ್ಕೆ 6 ಅಂಗುಲ ಆಳ ಗುಂಡಿ ತೋಡಿ, ಗುಂಡಿಯ ಒಂದು ಮಗ್ಗುಲಿಂದ ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪಕ್ಕೆ ಮಣ್ಣು ಕೆರೆದು ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ. ತಗಡಿನ ಬಕೆಟ್ ಬೇಡ, ಅದಕ್ಕೆ ಸತುವಿನ ಲೇಪ ಇರುತ್ತೆ, ಸತುವಿನ ಲೆಕ್ಕ ಸುಳ್ಳು ಬರುತ್ತೆ. ಗೊಬ್ಬರದ ಖಾಲಿ ಚೀಲನೂ ಬೇಡ. ಎಲ್ಲ ಕಲಸಿ, ರೊಟ್ಟಿ ಹಾಗೆ ಹರವಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಎಸೀರಿ, ಉಳಿದದ್ದನ್ನ ಮತ್ತೆ ಕಲಸಿ ಮತ್ತೆ ಹಾಗೇ ಮಾಡಿ, ಅರ್ಧ ಕೆಜಿ ಉಳಿಯೋವರೆಗೆ. ನೆರಳಲ್ಲಿ ಒಣಗಿಸಿ, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದೆ ಹಾಕೋ ಬೆಳೆ ಬರೆದು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ಸೂಕ್ಷ್ಮ ಪೋಷಕಾಂಶನೂ ಬೇಕು ಅಂತ ಬಾಯಿಬಿಟ್ಟು ಕೇಳಿ.

ವರದಿ ಬಂದಾಗ ನೋಡೋದು ಇಷ್ಟು. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ರೆ ಕಡಿಮೆ, 0.75 ದಾಟಿದ್ರೆ ಒಳ್ಳೇದು, ನಮ್ಮ ಸೀಮೇಲಿ ದಾಟಿದ್ದು ಅಪರೂಪ. ಸಾರಜನಕ ಹೆಕ್ಟೇರಿಗೆ 280 ಕೆಜಿಗಿಂತ ಕೆಳಗೆ ಅಂದ್ರೆ ಕಡಿಮೆ. ಗಂಧಕ 10 ಪಿಪಿಎಂ (ಹತ್ತು ಲಕ್ಷ ಪಾಲಿಗೆ 10 ಪಾಲು), ಸತು 0.6 ಪಿಪಿಎಂ, ಬೋರಾನ್ 0.5 ಪಿಪಿಎಂ, ಇದಕ್ಕಿಂತ ಕೆಳಗಿದ್ರೆ ಕೊರತೆ. ರಸಸಾರ 8 ದಾಟಿದ್ರೆ ಸತು ಮತ್ತು ಕಬ್ಬಿಣ ಮಣ್ಣಲ್ಲಿ ಇದ್ರೂ ಬೇರಿಗೆ ಸಿಗೋದು ಕಷ್ಟ. 8.5 ದಾಟಿದ್ರೆ ಸೋಡಿಯಂ ಎಷ್ಟಿದೆ ಅಂತ ಬೇರೆ ಪರೀಕ್ಷೆ ಮಾಡಿಸ್ಬೇಕು.

ನಾಲ್ಕನೇದು: ಕೊರತೆ ಇರೋದನ್ನ ಮಾತ್ರ ಹಾಕಿ

2009ರಲ್ಲಿ ನಮ್ಮ ಕೃಷಿ ಇಲಾಖೆ ಮತ್ತು ಇಕ್ರಿಸ್ಯಾಟ್ ಸೇರಿ ಭೂಚೇತನ ಅಂತ ಯೋಜನೆ ಮಾಡಿದ್ರು, ಖುಷ್ಕಿ (ಮಳೆ ನಂಬಿದ) ಬೆಳೆ ಇಳುವರಿ ಶೇಕಡಾ 20 ಏರಿಸ್ಬೇಕು ಅನ್ನೋ ಗುರಿ ಇಟ್ಕೊಂಡು. ಊರೂರಿಂದ ಮಣ್ಣು ತಂದು ಪರೀಕ್ಷೆ ಮಾಡಿದಾಗ ದೊಡ್ಡದಾಗಿ ಕಂಡಿದ್ದು ಸಾರಜನಕ, ರಂಜಕದ ಕೊರತೆ ಜತೆಗೆ ಗಂಧಕ, ಸತು, ಬೋರಾನ್ ಕೊರತೆ. ಕಾರಣ ಯೋಚಿಸಿ ನೋಡಿ: ಹಿಂದೆ ಸೂಪರ್ ಫಾಸ್ಫೇಟ್ ಹಾಕ್ತಿದ್ವಿ, ಅದ್ರಲ್ಲಿ ರಂಜಕದ ಜತೆ ಶೇಕಡಾ 11 ಗಂಧಕ ಬಿಟ್ಟಿ ಸಿಗ್ತಿತ್ತು. ಡಿಎಪಿ ಬಂತು, ಅದ್ರಲ್ಲಿ ಗಂಧಕ ಇಲ್ಲ. ತಿಪ್ಪೆ ಗೊಬ್ಬರ ಕಡಿಮೆ ಆಯ್ತು, ಸತು ಬೋರಾನ್ ಬರೋ ದಾರಿನೂ ಹೋಯ್ತು. ಶೇಂಗಾ, ಕುಸುಬಿ, ಸೂರ್ಯಕಾಂತಿ ಎಣ್ಣೆ ಬೆಳೆ, ಎಣ್ಣೆಗೆ ಗಂಧಕ ಬೇಕೇ ಬೇಕು.

ಕೊರತೆ ಇರೋ ಹೊಲಕ್ಕೆ ಆಗ ಕೊಟ್ಟ ಪ್ರಮಾಣ ಹೆಕ್ಟೇರಿಗೆ 30 ಕೆಜಿ ಗಂಧಕ, 10 ಕೆಜಿ ಸತು, ಅರ್ಧ ಕೆಜಿ ಬೋರಾನ್. ಎಕರೆ ಲೆಕ್ಕಕ್ಕೆ ಇಳಿಸಿದ್ರೆ ಸುಮಾರು 80 ಕೆಜಿ ಜಿಪ್ಸಂ, 20 ಕೆಜಿ ಸತುವಿನ ಸಲ್ಫೇಟ್, ಶೇಕಡಾ 20 ಬೋರಾನ್ ಇರೋ ಪುಡಿ 1 ಕೆಜಿ. ನಿಮ್ಮ ವರದಿಲಿ ಬೇರೆ ಪ್ರಮಾಣ ಬರೆದಿದ್ರೆ ಅದನ್ನೇ ಪಾಲಿಸಿ. ಸತು ಪ್ರತಿ ವರ್ಷ ಬೇಡ, ಎರಡು-ಮೂರು ವರ್ಷಕ್ಕೊಮ್ಮೆ ಸಾಕು. ಸತುವನ್ನ ಡಿಎಪಿ ಜತೆ ಕಲಸ್ಬೇಡಿ, ಎರಡೂ ಕಟ್ಕೊಂಡು ಬೇರಿಗೆ ಸಿಗದ ಹಾಗೆ ಆಗುತ್ತೆ, ಒಣ ಗೊಬ್ಬರದ ಪುಡಿ ಜತೆ ಕಲಸಿ ಬೇರೆಯಾಗಿ ಎರಚಿ ಹರಗಿ. ಬೋರಾನ್ ವಿಷಯದಲ್ಲಂತೂ ಕೈ ಬಿಗಿ ಹಿಡೀರಿ, ಸಾಕು ಅನ್ನೋದಕ್ಕೂ ವಿಷ ಆಗೋದಕ್ಕೂ ಅಂತರ ಬಹಳ ಕಡಿಮೆ, ವರದಿ ಇಲ್ದೇ ಹಾಕಲೇಬೇಡಿ. ಶೇಂಗಾಕ್ಕೆ ಜಿಪ್ಸಂ ಎಕರೆಗೆ 200 ಕೆಜಿವರೆಗೆ, ಊಡು (ಹೂವಿನಿಂದ ನೆಲಕ್ಕೆ ಇಳಿದು ಕಾಯಿ ಕಟ್ಟೋ ಎಳೆ) ಇಳಿಯೋ ಹೊತ್ತಿಗೆ ಬುಡದ ಪಕ್ಕ ಹಾಕಿ ಎಡೆ ಹೊಡೆದು ಮಣ್ಣು ಏರಿಸಿ, ಕಾಯಿ ತನಗೆ ಬೇಕಾದ ಸುಣ್ಣದಂಶ ಮಣ್ಣಿಂದ ನೇರ ಹೀರ್ಕೊಳ್ಳುತ್ತೆ, ಅದು ಸಿಗದಿದ್ರೆ ಜೊಳ್ಳು.

ಎಲೆ ನೋಡಿನೂ ಸ್ವಲ್ಪ ಗೊತ್ತಾಗುತ್ತೆ. ಹಳೇ ಎಲೆ ಹಳದಿ ಆದ್ರೆ ಸಾರಜನಕ, ಹೊಸ ಎಲೆ ಪೂರ್ತಿ ಹಳದಿ ಆದ್ರೆ ಗಂಧಕ, ಹೊಸ ಎಲೇಲಿ ನರ ಮಾತ್ರ ಹಸಿರು ಉಳಿದು ನಡುವೆ ಬಿಳಿಚಿದ್ರೆ ಕಬ್ಬಿಣ. ಸುಣ್ಣಕಲ್ಲು ಜಾಸ್ತಿ ಇರೋ ಎರೇಲಿ ಶೇಂಗಾಕ್ಕೆ ಇದು ಬರುತ್ತೆ, ಲೀಟರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್ ಜತೆ ಸ್ವಲ್ಪ ನಿಂಬೆಹುಳಿ ಉಪ್ಪು ಸೇರ್ಸಿ ತಂಪು ಹೊತ್ತಲ್ಲಿ ಸಿಂಪಡಿಸಿ.

ಯೂರಿಯಾನ ಕ್ಷಾರದ ಎರೆ ಹೊಲದ ಮೇಲೆ ಚೆಲ್ಲಿ ಹಾಗೇ ಬಿಟ್ರೆ ಬಹಳ ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಹಿಂಗಾರೀಲಿ ಮೇಲ್ಗೊಬ್ಬರಕ್ಕೆ ಮಳೆ ಬರುತ್ತೆ ಅನ್ನೋ ಭರವಸೆನೂ ಇಲ್ಲ. ಹಾಗಾಗಿ ಬಿತ್ತುವಾಗಲೇ ಗೊಬ್ಬರ-ಬೀಜ ಎರಡೂ ಬೀಳೋ ಕೂರಿಗೇಲಿ, ಬೀಜಕ್ಕಿಂತ ಎರಡು ಅಂಗುಲ ಕೆಳಗೆ ಇಲ್ಲ ಪಕ್ಕಕ್ಕೆ, ಹಸಿ ಇರೋ ಕಡೆ ಬೀಳೋ ಹಾಗೆ ಕೊಡಿ. ಗೊಬ್ಬರ ಬೇರು ಹುಡ್ಕೊಂಡು ಬರಲ್ಲ, ಬೇರು ಇರೋ ಕಡೆ ನಾವೇ ಇಡ್ಬೇಕು.

ಐದನೇದು: ಸಾವಯವ ಇಂಗಾಲ, ನಿಧಾನದ ಕೆಲಸ

ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತೆ. ಇಂಗಾಲವನ್ನ 0.4ರಿಂದ 0.5ಕ್ಕೆ ಏರಿಸ್ಬೇಕು ಅಂದ್ರೆ 900 ಕೆಜಿ ಇಂಗಾಲ ಅಲ್ಲಿ ಉಳಿದುಕೊಳ್ಳಬೇಕು, ಹಾಕಿದ್ದಲ್ಲ, ಉಳಿದದ್ದು. ನಮ್ಮ ಬಿಸಿಲಿಗೆ ಹಾಕಿದ್ದರಲ್ಲಿ ಬಹುಪಾಲು ಸುಟ್ಟು ಹೋಗುತ್ತೆ. ಅದಕ್ಕೇ ಒಂದು ವರ್ಷಕ್ಕೆ ಫಲ ಕಾಣಲಿಲ್ಲ ಅಂತ ಬಿಡ್ಬೇಡಿ.

ತಿಪ್ಪೆ ಗೊಬ್ಬರ ವಿಷಯದಲ್ಲಿ ನಾವು ಮಾಡೋ ನಷ್ಟ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಮಾರ್ಚಲ್ಲಿ ಗಾಡಿಲಿ ಹೊಡೆದು ಹೊಲದ ತುಂಬ ಗುಪ್ಪೆ ಗುಪ್ಪೆ ಹಾಕಿ ಜೂನ್ ಮಳೆವರೆಗೂ ಬಿಸಿಲಿಗೆ ಬಿಡ್ತೀವಿ. ಒಳಗೆ ಕರ್ರಗೆ ಬಂದ ಗೊಬ್ಬರ ಮೂರು ತಿಂಗಳಲ್ಲಿ ಬೂದಿ ಬಣ್ಣಕ್ಕೆ ತಿರುಗಿರುತ್ತೆ, ಸಾರಜನಕ ಗಾಳಿ ಪಾಲು. ಹೊಡೆದ ದಿನಾನೇ ಹರವಿ, ಅವತ್ತೇ ಹರಗಿ ಮಣ್ಣಲ್ಲಿ ಮುಚ್ಚಿ. ಆಗಲ್ಲ ಅಂದ್ರೆ ಮಳೆ ಹತ್ರ ಬರೋವರೆಗೂ ತಿಪ್ಪೇಲೇ ಇರಲಿ. ತಿಪ್ಪೆ ಗುಂಡಿ ಮೂರು ಅಡಿ ಆಳ ಸಾಕು, ನೆರಳಿರಲಿ, ತುಂಬಿದ ಮೇಲೆ ಸಗಣಿ-ಮಣ್ಣಿಂದ ಮೆತ್ತಿ ಮುಚ್ಚಿ. ದನದ ಗಂಜಲ ಹೀರೋಕೆ ಕೊಟ್ಟಿಗೇಲಿ ತೊಗರಿ ಹೊಟ್ಟು, ಕಸ ಹಾಸಿ, ಗಂಜಲದಲ್ಲೂ ಬಹಳ ಸಾರಜನಕ ಇರುತ್ತೆ. ಒಂಬತ್ತು ಎಕರೆಗೂ ಸಾಲೋವಷ್ಟು ಗೊಬ್ಬರ ಯಾರ ಹತ್ರನೂ ಇಲ್ಲ, ನಾನು ಪ್ರತಿ ವರ್ಷ ಮೂರು ಎಕರೆಗೆ ದಟ್ಟವಾಗಿ ಹಾಕ್ತೀನಿ, ಮುಂದಿನ ವರ್ಷ ಮುಂದಿನ ಮೂರಕ್ಕೆ.

ಕುರಿ ಹಿಂಡು ನಿಲ್ಸೋದು ಇದಕ್ಕಿಂತ ಸುಲಭ, ಹಿಕ್ಕೆ ಗಂಜಲ ಎರಡೂ ಹೊಲದಲ್ಲೇ ಬೀಳುತ್ತೆ. ಕುರಿಗಾರರಿಗೆ ಕಾಳು ಕೊಟ್ಟೋ ದುಡ್ಡು ಕೊಟ್ಟೋ ಗೌರವದಿಂದ ಮಾತಾಡಿ ಒಪ್ಪಿಸಿ, ಬೆಳಿಗ್ಗೆ ಎದ್ದ ಕೂಡ್ಲೇ ಆ ಜಾಗ ಹರಗಿಬಿಡಿ.

ಕಣಿಕೆ (ಜೋಳದ ಒಣ ದಂಟು) ಮಣ್ಣಿಗೆ ಸೇರ್ಸಿ ಅಂತ ಪುಸ್ತಕದಲ್ಲಿ ಬರೀತಾರೆ. ನಮ್ಮಲ್ಲಿ ಕಣಿಕೆ ದನದ ಬಾಯಿಗೆ ಸೇರಬೇಕು, ಅದನ್ನ ಮಣ್ಣಿಗೆ ಹಾಕಿ ಅಂತ ನಾನು ಯಾರಿಗೂ ಹೇಳಲ್ಲ. ಆದ್ರೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಸೂರ್ಯಕಾಂತಿ ದಂಟು ಹೊಲದಲ್ಲೇ ಬೆಂಕಿ ಹಚ್ತೀವಲ್ಲ, ಅದನ್ನ ನಿಲ್ಸಿ. ಪುಡಿ ಮಾಡೋ ಮಷಿನ್ ಬಾಡಿಗೆಗೆ ತಂದು ಹೊಡೆಸಿ, ಸಗಣಿ ನೀರು ಹಾಕಿ ಗುಂಡೀಲಿ ಕೊಳೆಸಿ. ಒಡ್ಡಿನ ಮೇಲಿನ ಗ್ಲಿರಿಸಿಡಿಯಾ ಎಲೆ ವರ್ಷಕ್ಕೆ ಎರಡು-ಮೂರು ಸಲ ಕತ್ತರಿಸಿ ಸಾಲಿನ ನಡುವೆ ಹಾಕಿದ್ರೆ ಬಹಳ ಬೇಗ ಕೊಳೆಯುತ್ತೆ. ಹಿಂಗಾರಿ ಹೊಲ ಮುಂಗಾರಲ್ಲಿ ಖಾಲಿ ಇರುತ್ತಲ್ಲ, ಜೂನ್ ಮಳೆ ಚೆನ್ನಾಗಿ ಆದ ವರ್ಷ ಎಕರೆಗೆ 10ರಿಂದ 15 ಕೆಜಿ ಸೆಣಬು ಚೆಲ್ಲಿ, ಹೂ ಬರೋ ಹೊತ್ತಿಗೆ, 45-50 ದಿನಕ್ಕೆ ಮಣ್ಣಿಗೆ ಸೇರ್ಸಿ. ಮಳೆ ಕೈಕೊಟ್ಟ ವರ್ಷ ಇದನ್ನ ಮಾಡ್ಬೇಡಿ, ಸೆಣಬೇ ಹಸಿ ಕುಡಿದು ಜೋಳಕ್ಕೆ ಉಳಿಸಲ್ಲ.

ಮಸಾರಿಗೆ ಕೆರೆ ಹೂಳು ಚಿನ್ನ. ನೀರು ಹಿಡಿಯೋ ಶಕ್ತಿ ಬರುತ್ತೆ, ಮೂರ್ನಾಲ್ಕು ವರ್ಷ ಗುಣ ಉಳಿಯುತ್ತೆ. ಮೊದ್ಲು ಹೂಳನ್ನೇ ಪರೀಕ್ಷೆ ಮಾಡಿಸಿ, ಉಪ್ಪು ಇದ್ದ ಹೂಳು ತಂದ್ರೆ ಒಳ್ಳೇ ಹೊಲ ಸವುಳಾಗುತ್ತೆ. ಎರೆ ಹೊಲಕ್ಕೆ ಹೂಳು ಬೇಡ, ಅಲ್ಲಿ ಅಂಟು ಈಗಾಗ್ಲೇ ಜಾಸ್ತಿ.

ಸವುಳು, ಕ್ಷಾರ ಇದ್ರೆ

ಎರಡೂ ಒಂದೇ ಅಂತ ತಿಳ್ಕೊಳ್ತಾರೆ. ಮೇಲೆ ಬಿಳಿ ಉಪ್ಪು ಏಳೋ ಸವುಳು ಮಣ್ಣಿಗೆ ಜಿಪ್ಸಂ ಔಷಧ ಅಲ್ಲ, ಬಸಿಗಾಲುವೆ ತೋಡಿ ಮಳೆ ನೀರಲ್ಲಿ ಉಪ್ಪು ತೊಳೆದು ಹೊರಗೆ ಕಳಿಸ್ಬೇಕು. ಲೋಟದಲ್ಲಿ ಮೋಡ ಕಟ್ಟಿದ ಸೋಡಿಯಂ ಮಣ್ಣಿಗೆ ಜಿಪ್ಸಂ ಬೇಕು, ಅದ್ರ ಕ್ಯಾಲ್ಸಿಯಂ ಸೋಡಿಯಂ ಅನ್ನ ಮಣ್ಣಿನ ಕಣದಿಂದ ಹೊರಗೆ ತಳ್ಳುತ್ತೆ. ಎಷ್ಟು ಬೇಕು ಅನ್ನೋದು ಲ್ಯಾಬ್ ಹೇಳುತ್ತೆ, ಸಾಮಾನ್ಯವಾಗಿ ಟನ್ ಲೆಕ್ಕ. ಅದನ್ನೂ ಬಸಿಗಾಲುವೆ ಮಾಡಿದ ಮೇಲೇ ಹಾಕಿ, ಹೊರಗೆ ಹೋಗೋಕೆ ದಾರಿ ಇಲ್ದಿದ್ರೆ ತಳ್ಳಿದ ಸೋಡಿಯಂ ಅಲ್ಲೇ ಕೂರುತ್ತೆ. ನಮ್ಮ ಮೂಲೆಗೆ ಬಸಿಗಾಲುವೆ ಆಯ್ತು, ಮುಂಗಾರಿನ ಮುಂಚೆ ಜಿಪ್ಸಂ ಆಯ್ತು, ಸೆಣಬು ಎರಡು ವರ್ಷ ಹಾಕಿದ್ವಿ. ಮೂರನೇ ಹಿಂಗಾರಿಗೆ ಕಡಲೆ ಅಲ್ಲೂ ನಾಟ್ತು, ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಉಳುಮೆ ಮತ್ತು ಬೆಳೆ ಬದಲಾವಣೆ

ಒಂದು ಕಬ್ಬಿಣದ ಸರಳು ತಗೊಳ್ಳಿ, ಬೆರಳು ದಪ್ಪದ್ದು. ಒಳ್ಳೇ ಮಳೆ ಆದ ಎರಡು ದಿನಕ್ಕೆ ಹೊಲದಲ್ಲಿ ಕೈಯಿಂದ ಒತ್ತಿ. ನಾಲ್ಕೈದು ಅಂಗುಲಕ್ಕೇ ಟಕ್ ಅಂತ ನಿಂತ್ರೆ ಕೆಳಗೆ ಗಟ್ಟಿ ಪದರ ಆಗಿದೆ. ವರ್ಷಾ ವರ್ಷ ರೋಟಾವೇಟರ್ ಹೊಡೆಯೋದು, ಹಸಿ ಎರೇಲಿ ಭಾರದ ಟ್ರ್ಯಾಕ್ಟರ್ ಓಡಿಸೋದು, ಎರಡರ ಫಲ ಇದು. ಮೇಲೆ ಹಿಟ್ಟಿನ ಹಾಗೆ ಮೆತ್ತಗೆ ಕಂಡು ಕಣ್ಣಿಗೆ ಚೆಂದ, ಕೆಳಗೆ ನೀರೂ ಇಳಿಯಲ್ಲ ಬೇರೂ ಇಳಿಯಲ್ಲ. ಮೂರು ವರ್ಷಕ್ಕೊಮ್ಮೆ ಬೇಸಿಗೇಲಿ ಮಣ್ಣು ಒಣಗಿದ್ದಾಗ ಆಳ ನೇಗಿಲು ಇಳಿಜಾರಿಗೆ ಅಡ್ಡ ಹೊಡೆಸಿ, ನಡುವಿನ ವರ್ಷ ಕುಂಟೆ ಸಾಕು.

ಜೋಳದ ಮೇಲೆ ಜೋಳ ಬೇಡ. ಮುಂಗಾರಿ ಹೆಸರು ತೆಗೆದು ಹಿಂಗಾರಿ ಬಿಳಿಜೋಳ, ಮರುವರ್ಷ ಕಡಲೆ, ಮಧ್ಯ ಅಕ್ಕಡಿ (ನಡುನಡುವೆ ಒಂದೊಂದು ಸಾಲು) ಕುಸುಬಿ. ಮಸಾರಿಗೆ ತೊಗರಿ ಸೇರ್ಸಲೇಬೇಕು, ಕಾರಣ ಬರೀ ಸಾರಜನಕ ಅಲ್ಲ. ಕೆಂಪು ಮಣ್ಣಲ್ಲಿ ರಂಜಕ ಕಬ್ಬಿಣದ ಜತೆ ಕಟ್ಕೊಂಡು ಕೂತಿರುತ್ತೆ, ತೊಗರಿ ಬೇರು ಬಿಡೋ ಒಂದು ಬಗೆ ಆಮ್ಲ ಅದನ್ನ ಬಿಡಿಸುತ್ತೆ ಅಂತ ಇಕ್ರಿಸ್ಯಾಟಲ್ಲೇ ಕಂಡುಹಿಡಿದ್ರು. ಎಲೆ ಉದುರಿ ನೆಲಕ್ಕೆ ಹೊದಿಕೆನೂ ಆಗುತ್ತೆ. ದ್ವಿದಳ ಬೀಜಕ್ಕೆ ಬಿತ್ತೋ ಮುಂಚೆ ಬೆಲ್ಲದ ಪಾಕದಲ್ಲಿ ರೈಜೋಬಿಯಂ (ಬೇರಿನಲ್ಲಿ ಸಾರಜನಕ ಹಿಡಿಯೋ ಸೂಕ್ಷ್ಮಜೀವಿ) ಲೇಪಿಸಿ ನೆರಳಲ್ಲಿ ಒಣಗಿಸಿ, ಪ್ಯಾಕೆಟ್ ಮೇಲಿನ ಅವಧಿ ನೋಡಿ ತಗೊಳ್ಳಿ, ಬಿಸಿಲಲ್ಲಿಟ್ಟ ಪ್ಯಾಕೆಟಲ್ಲಿ ಜೀವ ಉಳಿದಿರಲ್ಲ.

ಎಲ್ಲ ಒಂದೇ ವರ್ಷ ಹಿಡೀಬೇಡಿ, ದುಡ್ಡೂ ಸಾಲಲ್ಲ ಆಳೂ ಸಿಗಲ್ಲ. ಮೊದಲ ವರ್ಷ ಒಡ್ಡು ರಿಪೇರಿ, ಒಂದು ಎಕರೆ ಚೌಕು ಮಡಿ, ಮಣ್ಣು ಪರೀಕ್ಷೆ, ಅಷ್ಟೇ ಸಾಕು. ಪಕ್ಕದ ಒಂದು ಎಕರೆ ಹಳೇ ರೀತಿಲೇ ಬಿಡಿ, ರಾಶಿಲಿ ಎರಡನ್ನೂ ಬೇರೆ ಬೇರೆ ತೂಕ ಮಾಡಿ ನೋಟ್‌ಬುಕ್‌ನಲ್ಲಿ ಬರೀರಿ, ಮಳೆ ಯಾವ ದಿನ ಎಷ್ಟು ಬಂತು ಅನ್ನೋದನ್ನೂ ಬರೀರಿ. ಎರಡನೇ ವರ್ಷ ತಿಪ್ಪೆ ಸರಿ ಮಾಡಿ, ಕೊರತೆ ಇರೋ ಪೋಷಕಾಂಶ ಹಾಕಿ. ಸರಳು ಮಾತ್ರ ಪ್ರತಿ ವರ್ಷ ಅದೇ ಜಾಗದಲ್ಲಿ ಒತ್ತಿ ನೋಡ್ತಾ ಇರಿ. ನಮ್ಮ ಮೇಲಿನ ಎರಡು ಎಕರೇಲಿ ಮೊದ್ಲು ಐದು ಅಂಗುಲಕ್ಕೆ ನಿಲ್ತಿತ್ತು, ಹೋದ ಉತ್ತರಿ ಮಳೆ ಆದ ಮೇಲೆ ಅಪ್ಪನೇ ಬಂದು ಒತ್ತಿದ್ರು, ಒಂಬತ್ತು ಅಂಗುಲ ಇಳೀತು.